ಇಂಗ್ಲಿಷ್ ಬರುವ ತನಕ ಅವಳ ಬುದ್ಧಿಯನ್ನು ಕಾಯಿಸಬೇಡಿ

ಪ್ರಶ್ನೆ: ನಾವು ವಿಜಯಪುರ ಜಿಲ್ಲೆಯವರು. ಕಳೆದ ಮೇ ತಿಂಗಳಲ್ಲಿ ಮುಂಬೈ ಹತ್ತಿರದ ಡೊಂಬಿವಲಿಗೆ ಬಂದೆವು. ಮಗಳಿಗೆ 10 ವರ್ಷ. ನಾಲ್ಕನೇ ತರಗತಿಯವರೆಗೆ ಊರಿನ ಕನ್ನಡ ಶಾಲೆಯಲ್ಲಿ ಓದಿದಳು. ಲೆಕ್ಕದಲ್ಲಿ ಅವಳೇ ಮುಂದಿದ್ದಳು. ಏಳನೇ ತರಗತಿಯ ಅಣ್ಣನ ಲೆಕ್ಕವನ್ನೂ ಮಾಡಿಕೊಡುತ್ತಿದ್ದಳು. ಇಲ್ಲಿ ಐದನೇ ತರಗತಿಗೆ ಸ್ಟೇಟ್ ಬೋರ್ಡಿನ ಇಂಗ್ಲಿಷ್ ಮೀಡಿಯಂ ಶಾಲೆಗೆ ಸೇರಿಸಿದ್ದೇವೆ. ಮೊದಲ ಟರ್ಮಿನಲ್ಲಿ ಗಣಿತದಲ್ಲೂ ಮಾರ್ಕ್ಸ್ ಕಡಿಮೆ ಬಂತು. ಕ್ಲಾಸಿನಲ್ಲಿ ಬಾಯೇ ಬಿಡುವುದಿಲ್ಲವಂತೆ. ‘ಸ್ಲೋ ಲರ್ನರ್ ಇರಬಹುದು, ಒಂದು ವರ್ಷ ಕೆಳಗಿನ ಕ್ಲಾಸಿನಲ್ಲಿ ಕೂರಿಸಿ, ಮನೆಯಲ್ಲಿ ಕನ್ನಡ ನಿಲ್ಲಿಸಿ’ ಎಂದು ಶಾಲೆಯಲ್ಲಿ ಹೇಳಿದರು. ಆದರೆ ಇದೇ ಹುಡುಗಿ ಲೋಕಲ್ ಟ್ರೈನಿನ ಟೈಮ್‌ಟೇಬಲ್ ಹಿಡಿದು, ಯಾವ ಫಾಸ್ಟ್ ಗಾಡಿ ಯಾವ ಸ್ಲೋ ಗಾಡಿಯನ್ನು ಎಲ್ಲಿ ದಾಟುತ್ತದೆ ಅಂತ ಲೆಕ್ಕ ಹಾಕುತ್ತಾಳೆ. ಬಿಲ್ಡಿಂಗಿನ ಮಕ್ಕಳ ಜೊತೆ ಆಗಲೇ ಮರಾಠಿ ಮಾತಾಡುತ್ತಾಳೆ. ಮೊನ್ನೆ ‘ನಾ ದಡ್ಡಿ ಆಗೀನಿ’ ಅಂತ ಅತ್ತಳು. ಏನು ಮಾಡಬೇಕು? ಟ್ಯೂಷನ್ ಹಚ್ಚಬೇಕಾ?
— ಒಬ್ಬ ತಾಯಿ, ಡೊಂಬಿವಲಿ

ಉತ್ತರ: ಎರಡು ಮಾತು ಮೊದಲೇ ಹೇಳಿಬಿಡುತ್ತೇನೆ. ಅವಳನ್ನು ಕೆಳಗಿನ ಕ್ಲಾಸಿಗೆ ಕಳಿಸಬೇಡಿ. ಮನೆಯಲ್ಲಿ ಕನ್ನಡ ನಿಲ್ಲಿಸಬೇಡಿ. ಟ್ಯೂಷನ್ ವಿಷಯಕ್ಕೆ ಆಮೇಲೆ ಬರುತ್ತೇನೆ.

ನೀವು ಬರೆದದ್ದನ್ನು ಓದಿದರೆ ನನಗೆ ನಿಧಾನದ ಹುಡುಗಿ ಕಾಣುವುದಿಲ್ಲ. ಬಹಳ ಚುರುಕಾದ, ಪ್ರತಿಭಾವಂತೆ ಎನ್ನಬಹುದಾದ ಹುಡುಗಿ ಕಾಣುತ್ತಾಳೆ. ಅವಳ ತಲೆ ಓಡುವ ವೇಗಕ್ಕೆ ತಕ್ಕ ಇಂಗ್ಲಿಷ್ ಅವಳಿಗೆ ಇನ್ನೂ ಬಂದಿಲ್ಲ, ಅಷ್ಟೇ. ಮುಂಬೈ ಸುತ್ತಮುತ್ತ ಕನ್ನಡದ ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತ ಇಂಥ ಮಕ್ಕಳನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಅವರ ವಿಷಯದಲ್ಲಿ ಶಾಲೆ, ಮನೆ ಎರಡೂ ಕಡೆ ಒಂದೇ ಯೋಚನೆ ಇರುತ್ತದೆ: ‘ಮೊದಲು ಇಂಗ್ಲಿಷ್ ಬರಲಿ, ಜಾಣತನ ಆಮೇಲೆ ನೋಡೋಣ.’ ಈ ಯೋಚನೆಯೇ ಮಗುವಿಗೆ ಪೆಟ್ಟು ಕೊಡುವುದು. ಇಂಗ್ಲಿಷ್ ಬರುವಷ್ಟರಲ್ಲಿ ಎರಡು ಮೂರು ವರ್ಷ ಕಳೆದಿರುತ್ತದೆ. ಅಷ್ಟು ದಿನ ತಲೆಗೆ ಕೆಲಸ ಇಲ್ಲದೆ ಕೂತ ಮಗು, ತಾನು ಜಾಣೆ ಅನ್ನುವುದನ್ನೇ ಮರೆತಿರುತ್ತದೆ.

ಅವಳ ಮೇಲೆ ಈಗ ಎಷ್ಟು ಭಾರ ಬಿದ್ದಿದೆ, ನೋಡಿ. ಕರ್ನಾಟಕದ ಸರ್ಕಾರಿ ಕನ್ನಡ ಶಾಲೆಗಳಲ್ಲಿ 2007ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಶುರುವಾಗುತ್ತದೆ. ಹಾಗಾಗಿ ಅಕ್ಷರ, ಒಂದಿಷ್ಟು ಪದ, ಪದ್ಯ ಅವಳಿಗೆ ಬರುತ್ತವೆ. ಆದರೆ ಅಲ್ಲಿ ಇಂಗ್ಲಿಷ್ ಒಂದು ಪಿರಿಯಡ್ಡು. ಇಲ್ಲಿ ಗಣಿತ, ವಿಜ್ಞಾನ, ಇತಿಹಾಸ ಎಲ್ಲವೂ ಇಂಗ್ಲಿಷಿನಲ್ಲೇ. ಅದರ ಮೇಲೆ ಮಹಾರಾಷ್ಟ್ರದಲ್ಲಿ 2020ರ ಕಾನೂನಿನ ಪ್ರಕಾರ ಎಲ್ಲ ಶಾಲೆಗಳಲ್ಲೂ ಮರಾಠಿ ಕಡ್ಡಾಯ. ಹಿಂದಿಯೂ ಇರುತ್ತದೆ. ಒಂದೇ ವರ್ಷದಲ್ಲಿ ಮೂರು ಭಾಷೆ, ಹೊಸದಾಗಿ ದೇವನಾಗರಿ ಲಿಪಿ, ಹೊಸ ಊರು. ಇಷ್ಟನ್ನೂ ಹೊತ್ತುಕೊಂಡು ಟೈಮ್‌ಟೇಬಲ್ ಬಿಡಿಸುತ್ತ ಕೂರುವ ಮಗುವನ್ನು ‘ಸ್ಲೋ’ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಮರಾಠಿ ಬೇಗ ಬಂತು, ಇಂಗ್ಲಿಷ್ ಯಾಕೆ ಬರಲಿಲ್ಲ ಅಂತ ನೀವು ಕೇಳಬಹುದು. ಮರಾಠಿಯಲ್ಲಿ ಅವಳ ಜೊತೆ ಆಡುವ ಮಕ್ಕಳಿದ್ದಾರೆ. ಇಂಗ್ಲಿಷಿನಲ್ಲಿ ಅವಳ ಜೊತೆ ಮಾತಾಡುವವರು ಯಾರೂ ಇಲ್ಲ; ಪಾಠ ಹೇಳುವವರು ಮಾತ್ರ ಇದ್ದಾರೆ. ಇನ್ನೊಂದು ಕಾರಣವೂ ಇದೆ. ಮರಾಠಿ ವಾಕ್ಯ ಕನ್ನಡದ ದಾರಿಯಲ್ಲೇ ನಡೆಯುತ್ತದೆ. ಕ್ರಿಯಾಪದ ಕೊನೆಯಲ್ಲಿ ಬರುತ್ತದೆ. ‘ನನಗೆ ಹಸಿವಾಗಿದೆ’ ಅನ್ನುವುದನ್ನು ಅಲ್ಲಿ ‘ಮಲಾ ಭೂಕ್ ಲಾಗ್ಲಿ ಆಹೆ’ ಅನ್ನುತ್ತಾರೆ. ‘ನನಗೆ’ ಇದ್ದ ಜಾಗದಲ್ಲೇ ‘ಮಲಾ’ ಕೂರುತ್ತದೆ. ಇಂಗ್ಲಿಷಿನಲ್ಲಿ ಅದೇ ಮಾತಿಗೆ ‘ಐ ಆ್ಯಮ್ ಹಂಗ್ರಿ’ ಅಂತ ಪೂರಾ ಬೇರೆ ಕಟ್ಟಡ ಕಟ್ಟಬೇಕು. ಹೊರಗಿನಿಂದ ಕೇಳಿದ ಭಾಷೆಯನ್ನು ಕೆಲವೇ ತಿಂಗಳಲ್ಲಿ ಹಿಡಿದಳು ಅಂದರೆ ಅವಳಿಗೆ ಭಾಷೆ ಹಿಡಿಯುವ ಕಿವಿ ಇದೆ ಎಂದೇ ಅರ್ಥ. ಟರ್ಮ್ ಪರೀಕ್ಷೆಯ ಮಾರ್ಕ್ಸಿಗಿಂತ ಈ ಸುಳಿವನ್ನು ನಾನು ಜಾಸ್ತಿ ನಂಬುತ್ತೇನೆ.

ಈ ವಿಷಯದಲ್ಲಿ ತುಂಬ ಕೆಲಸ ಮಾಡಿದವರು ಕೆನಡಾದ ಶಿಕ್ಷಣ ತಜ್ಞ ಜಿಮ್ ಕಮಿನ್ಸ್. ಆಟಕ್ಕೆ, ಅಂಗಡಿಗೆ, ಗೆಳೆಯರ ಜೊತೆ ಹರಟೆಗೆ ಬೇಕಾದ ಭಾಷೆ ಬೇರೆ, ಪಾಠಕ್ಕೆ ಬೇಕಾದ ಭಾಷೆ ಬೇರೆ ಅಂತ 1979ರಲ್ಲೇ ಅವರು ಬಿಡಿಸಿ ಹೇಳಿದರು. ಕೆನಡಾಕ್ಕೆ ವಲಸೆ ಬಂದ ಮಕ್ಕಳಲ್ಲಿ ಅವರು ಕಂಡದ್ದು ಇದು: ಮಾತಿನ ಇಂಗ್ಲಿಷ್ ಸುಮಾರು 2 ವರ್ಷದಲ್ಲಿ ಬರುತ್ತದೆ. ಪಾಠದ ಇಂಗ್ಲಿಷ್ ತನ್ನ ವಯಸ್ಸಿನ ಬೇರೆ ಮಕ್ಕಳ ಸಮಕ್ಕೆ ಬರಲು 5ರಿಂದ 7 ವರ್ಷ ಬೇಕು. ಅದೂ ಸುತ್ತಲೂ ಇಂಗ್ಲಿಷ್ ಕೇಳುವ ಊರಿನಲ್ಲಿ. ಡೊಂಬಿವಲಿಯ ರಸ್ತೆಯಲ್ಲಿ ಕಿವಿಗೆ ಬೀಳುವುದು ಮರಾಠಿ, ಹಿಂದಿ. ನಿಮ್ಮ ಮಗಳು ಇಂಗ್ಲಿಷ್ ಮೀಡಿಯಂ ಸೇರಿ ಇನ್ನೂ ಒಂದು ಟರ್ಮ್ ಮುಗಿದಿದೆ, ಅಷ್ಟೇ. ಚುರುಕಾದ ಮಕ್ಕಳು ಇದಕ್ಕಿಂತ ಬೇಗ ಹಿಡಿಯುವುದನ್ನು ನಾನು ನೋಡಿದ್ದೇನೆ. ಆದರೂ ತಿಂಗಳುಗಳ ಲೆಕ್ಕದಲ್ಲಿ ಅಲ್ಲ.

ಕಮಿನ್ಸ್ ಅವರ ಇನ್ನೊಂದು ಮಾತು ನಿಮಗೆ ಇನ್ನೂ ಮುಖ್ಯ. ಒಂದು ಭಾಷೆಯಲ್ಲಿ ಗಟ್ಟಿಯಾಗಿ ಕಲಿತ ವಿಚಾರ ಇನ್ನೊಂದು ಭಾಷೆಗೆ ತಾನೇ ದಾಟುತ್ತದೆ. ಭಿನ್ನರಾಶಿ ಏನು ಅಂತ ಕನ್ನಡದಲ್ಲಿ ತಿಳಿದವಳಿಗೆ ಇಂಗ್ಲಿಷಿನಲ್ಲಿ ಅದನ್ನು ಮತ್ತೆ ಕಲಿಸಬೇಕಾಗಿಲ್ಲ. ಹೆಸರು ಕೊಟ್ಟರೆ ಸಾಕು. ಮನೆಯಲ್ಲಿ ಕನ್ನಡ ನಿಲ್ಲಿಸಿದರೆ ಅವಳ ಯೋಚನೆ ಬೆಳೆಯುತ್ತಿರುವ ಒಂದೇ ಜಾಗವನ್ನು ಮುಚ್ಚಿದಂತೆ. ನೀವು ತಡವರಿಸುತ್ತ ಆಡುವ ನಾಲ್ಕು ಇಂಗ್ಲಿಷ್ ವಾಕ್ಯಕ್ಕಿಂತ, ‘ಹಂಗ್ಯಾಕ ಅಂತಿ? ಬಿಡಿಸಿ ಹೇಳು ನೋಡೋಣ’ ಅಂತ ನಿಮ್ಮ ಭಾಷೆಯಲ್ಲಿ ಕೇಳುವುದು ಅವಳ ಇಂಗ್ಲಿಷಿಗೂ ಒಳ್ಳೆಯದು. ಕಾರಣ ಕೊಟ್ಟು ಮಾತಾಡುವ ರೂಢಿ ಒಂದು ಭಾಷೆಯಲ್ಲಿ ಬಂದರೆ ಎಲ್ಲ ಭಾಷೆಗೂ ಬರುತ್ತದೆ.

ಈಗ ಗಣಿತದ ಮಾರ್ಕ್ಸ್ ಯಾಕೆ ಇಳಿಯಿತು ನೋಡೋಣ. ಅವಳ ಉತ್ತರಪತ್ರಿಕೆ ತರಿಸಿಕೊಂಡು ಎದುರಿಗೆ ಇಟ್ಟುಕೊಳ್ಳಿ. ಬರೀ ಅಂಕಿಯ ಲೆಕ್ಕ ಎಷ್ಟು ಸರಿ, ವಾಕ್ಯದ ಲೆಕ್ಕ ಎಷ್ಟು ಸರಿ ಅಂತ ಬೇರೆ ಮಾಡಿ. ಅಂಕಿಯ ಲೆಕ್ಕ ಬಹುತೇಕ ಸರಿ ಇದ್ದು ವಾಕ್ಯದ ಲೆಕ್ಕ ಬಿದ್ದಿದ್ದರೆ ತೊಂದರೆ ಗಣಿತದ್ದಲ್ಲ. ತಪ್ಪಾದ ವಾಕ್ಯದ ಲೆಕ್ಕವನ್ನು ಕನ್ನಡದಲ್ಲಿ ಓದಿ ಹೇಳಿ. ಥಟ್ಟನೆ ಮಾಡಿಬಿಟ್ಟರೆ ಬೇರೆ ಸಾಕ್ಷಿಯೇ ಬೇಡ. ಆ ಹಾಳೆಯನ್ನು ಜೋಪಾನವಾಗಿ ಇಡಿ, ಶಾಲೆಗೆ ತೋರಿಸಲು ಬೇಕಾಗುತ್ತದೆ.

ಹೀಗೆ ಬೀಳುವ ಮಕ್ಕಳು ಎಡವುವುದು ದೊಡ್ಡ ಪದಗಳಲ್ಲಿ ಅಲ್ಲ. ‘ಡಿನಾಮಿನೇಟರ್’ ಕಷ್ಟದ ಪದ, ಆದರೆ ಅದಕ್ಕೆ ಒಂದೇ ಅರ್ಥ. ಅದನ್ನು ಟೀಚರೂ ಹತ್ತು ಸಲ ಹೇಳಿರುತ್ತಾರೆ. ಎಡವಿಸುವುದು ಸಣ್ಣ ಪದಗಳು. ‘ಹೌ ಮೆನಿ ಆರ್ ಲೆಫ್ಟ್’ ಅಂದಾಗ ‘ಲೆಫ್ಟ್’ ಅಂದರೆ ಎಡಗಡೆ ಅಂತ ಅವಳು ಕಲಿತಿರುತ್ತಾಳೆ. ‘ಟೇಬಲ್’ ಅಂದರೆ ಮೇಜು. ‘ಡಿಫರೆನ್ಸ್’ ಕೇಳಿದರೆ ಕಳೆಯಬೇಕು ಅಂತ ಯಾರೂ ಹೇಳಿರುವುದಿಲ್ಲ. ನಮ್ಮ ಕನ್ನಡದ ಕಿವಿಗೆ ‘ಆಡ್’ ಮತ್ತು ‘ಆ್ಯಡ್’ ಎರಡೂ ಒಂದೇ ಥರ ಕೇಳುತ್ತವೆ. ಒಂದು ಬೆಸ ಸಂಖ್ಯೆ, ಇನ್ನೊಂದು ಕೂಡಿಸು. ‘ಈಚ್’, ‘ಅಟ್ ಲೀಸ್ಟ್’, ‘ಆಲ್ಟುಗೆದರ್’, ‘ಲೇಟರ್’ — ಒಂದು ಲೆಕ್ಕದ ದಿಕ್ಕು ಬದಲಿಸಲು ಇಷ್ಟೇ ಸಾಕು. ಇವುಗಳ ಪಟ್ಟಿಯನ್ನು ಅವಳೇ ಮಾಡಲಿ. ಒಂದು ನೋಟ್‌ಬುಕ್ಕಿನಲ್ಲಿ ಪದ, ಅದು ಬಂದ ಪೂರ್ತಿ ವಾಕ್ಯ, ಪಕ್ಕದಲ್ಲಿ ಕನ್ನಡದಲ್ಲಿ ಅರ್ಥ. ಬರೀ ಪದ ಬರೆದು ಬಾಯಿಪಾಠ ಮಾಡಿಸಬೇಡಿ.

ಇನ್ನು ಇಂಗ್ಲಿಷ್ ಕಲಿಸುವ ದಾರಿ. ಅವಳಿಗೆ ಟ್ರೈನಿನ ಹುಚ್ಚು ಇದೆ ಅಂದಿರಿ. ಅದೇ ನಿಮ್ಮ ಇಂಗ್ಲಿಷ್ ಪುಸ್ತಕ. ಉದಾಹರಣೆಗೆ ಈ ಲೆಕ್ಕ: ಡೊಂಬಿವಲಿಯಿಂದ ಒಂದು ಸ್ಲೋ ಗಾಡಿ 8 ಗಂಟೆಗೆ ಹೊರಡುತ್ತದೆ, ವೇಗ ಗಂಟೆಗೆ 30 ಕಿ.ಮೀ. 10 ನಿಮಿಷ ಬಿಟ್ಟು ಅದೇ ದಿಕ್ಕಿಗೆ ಫಾಸ್ಟ್ ಗಾಡಿ 45 ಕಿ.ಮೀ. ವೇಗದಲ್ಲಿ ಹೊರಡುತ್ತದೆ. ಮಧ್ಯೆ ಯಾವುದೂ ನಿಲ್ಲುವುದಿಲ್ಲ ಅಂದುಕೊಳ್ಳಿ. ಎಷ್ಟು ಗಂಟೆಗೆ ದಾಟುತ್ತದೆ? 10 ನಿಮಿಷದಲ್ಲಿ ಸ್ಲೋ ಗಾಡಿ 5 ಕಿ.ಮೀ. ಮುಂದೆ ಹೋಗಿರುತ್ತದೆ. ಅಂತರ ಗಂಟೆಗೆ 15 ಕಿ.ಮೀ.ನಂತೆ ಕಡಿಮೆಯಾಗುತ್ತದೆ. ಹಾಗಾಗಿ 20 ನಿಮಿಷ ಬೇಕು, ಅಂದರೆ 8:30ಕ್ಕೆ. ಐದನೇ ತರಗತಿಗೆ ಇದು ಸುಲಭವಲ್ಲ. ಆದರೆ ನಿಮ್ಮ ಮಗಳು ಇದನ್ನು ಆಟದಂತೆ ಮಾಡುವವಳು.

ಮೊದಲ ದಿನ ಈ ಲೆಕ್ಕವನ್ನು ಕನ್ನಡದಲ್ಲೇ ಮಾಡಿ, ಯಾಕೆ ಹಾಗೆ ಅಂತ ನಿಮಗೆ ವಿವರಿಸಲಿ. ಮರುದಿನ ಅದೇ ಲೆಕ್ಕವನ್ನು ಇಂಗ್ಲಿಷಿನಲ್ಲಿ ಕೊಡಿ. ಅಣ್ಣನೋ ಪಕ್ಕದ ಮನೆಯವರೋ ಬರೆದುಕೊಟ್ಟರೂ ಆಯಿತು. ಲೆಕ್ಕ ಗೊತ್ತೇ ಇರುವುದರಿಂದ ಅವಳ ಪೂರ್ತಿ ಗಮನ ಭಾಷೆಯ ಮೇಲಿರುತ್ತದೆ. ‘ಟೆನ್ ಮಿನಿಟ್ಸ್ ಲೇಟರ್’, ‘ಇನ್ ದ ಸೇಮ್ ಡೈರೆಕ್ಷನ್’, ‘ಓವರ್‌ಟೇಕ್’ ಇವನ್ನು ಅವಳೇ ಊಹಿಸುತ್ತಾಳೆ. ಊಹಿಸಿ ಸರಿಯಾದ ಪದ ಮರೆಯುವುದಿಲ್ಲ. ಆಮೇಲೆ ಅಂಕಿಗಳನ್ನು ಬದಲಿಸಿ ತಾನೇ ಒಂದು ಹೊಸ ಲೆಕ್ಕ ಇಂಗ್ಲಿಷಿನಲ್ಲಿ ಬರೆಯಲಿ, ಅಣ್ಣನಿಗೆ ಕೊಡಲಿ. ಅವನಿಗೆ ಅರ್ಥವಾಗದಿದ್ದರೆ ವಾಕ್ಯ ತಿದ್ದಲೇಬೇಕು. ವಾಕ್ಯ ಸರಿ ಇರಬೇಕು ಅನ್ನುವುದಕ್ಕೆ ಅವಳಿಗೆ ಈಗ ನಿಜವಾದ ಕಾರಣ ಇದೆ, ಅಲ್ವಾ? ಸುಮ್ನೆ ಹತ್ತು ವಾಕ್ಯ ಕಾಪಿ ಬರೆಸಿದರೆ ಈ ಕಾರಣ ಎಲ್ಲಿಂದ ಬರಬೇಕು?

ಸಾಮಾನ್ಯವಾಗಿ ಶಾಲೆಗಳಲ್ಲಿ ಇದರ ಉಲ್ಟಾ ಆಗುತ್ತದೆ. ಇಂಗ್ಲಿಷ್ ಬಾರದ ಮಗುವಿಗೆ ಎರಡನೇ ತರಗತಿಯ ಲೆಕ್ಕ, ಒಂದನೇ ತರಗತಿಯ ಕಥೆ ಕೊಡುತ್ತಾರೆ. ಭಾಷೆ ಸುಲಭ ಮಾಡಲು ಹೋಗಿ ವಿಷಯವನ್ನೇ ಸುಲಭ ಮಾಡಿಬಿಡುತ್ತಾರೆ. ಚುರುಕಾದ ಮಗುವಿಗೆ ಇದು ಅವಮಾನ. ವಾಕ್ಯ ಚಿಕ್ಕದಾಗಲಿ, ಚಿತ್ರ ಇರಲಿ, ಕನ್ನಡದಲ್ಲಿ ಒಂದು ಸಾಲಿನ ಸುಳಿವು ಇರಲಿ. ಲೆಕ್ಕ ಮಾತ್ರ ಕಷ್ಟದ್ದೇ ಇರಲಿ.

ವ್ಯಾಕರಣವನ್ನೂ ಇಂಥ ಮಕ್ಕಳಿಗೆ ನಿಯಮ ಹೇಳಿ ಕಲಿಸಬೇಡಿ. ನಿಯಮ ಹುಡುಕಲು ಕೊಡಿ. ಎರಡು ವಾಕ್ಯ ಪಕ್ಕಪಕ್ಕ ಇಡಿ:

ನಿನ್ನೆ — ನಮ್ಮ ಮನೆಗೆ — ಬಂದ — ಹುಡುಗಿ.
ದ ಗರ್ಲ್ — ಹೂ ಕೇಮ್ — ಟು ಅವರ್ ಹೌಸ್ — ಯೆಸ್ಟರ್ಡೇ.

ಇಂಥವು ಇನ್ನೂ ನಾಲ್ಕು ಕೊಟ್ಟು, ‘ಏನು ಕಾಣುತ್ತದೆ?’ ಅಂತ ಕೇಳಿ ಸುಮ್ಮನಿರಿ. ಕನ್ನಡದ ಕೊನೆಯಿಂದ ಹಿಂದಕ್ಕೆ ಓದುತ್ತ ಬಂದರೆ ಇಂಗ್ಲಿಷ್ ಸಿಗುತ್ತದೆ ಅಂತ ಅವಳೇ ಕಂಡುಹಿಡಿಯುತ್ತಾಳೆ. ‘ಮನೆಗೆ’ಯಲ್ಲಿ ಹಿಂದೆ ಅಂಟಿದ ‘ಗೆ’, ಅಲ್ಲಿ ‘ಟು’ ಆಗಿ ಮುಂದೆ ನಿಂತಿದೆ ಅನ್ನುವುದೂ ಕಾಣುತ್ತದೆ. ಎಲ್ಲ ವಾಕ್ಯಕ್ಕೂ ಇದು ಹೊಂದುವುದಿಲ್ಲ. ಎಲ್ಲಿ ಹೊಂದುವುದಿಲ್ಲ ಅಂತ ಹುಡುಕುವುದು ಮುಂದಿನ ಆಟ. ಪುಸ್ತಕದಲ್ಲಿ ‘ರಿಲೇಟಿವ್ ಕ್ಲಾಜ್’ (‘ಹೂ ಕೇಮ್’ ಥರದ ಉಪವಾಕ್ಯ) ಅಂತ ಓದಿದಾಗ ಬರುವ ಆಕಳಿಕೆ ಇಲ್ಲಿ ಬರುವುದಿಲ್ಲ. ಕನ್ನಡ ಗೊತ್ತಿರುವುದು ಅವಳಿಗೆ ಅಡ್ಡಿ ಅಲ್ಲ, ಅದೇ ಅವಳ ಬಂಡವಾಳ. ಎರಡು ಭಾಷೆ ಹೋಲಿಸಲು ಬಾರದ ಮಗುವಿಗೆ ಈ ಲೆಕ್ಕ ಬಿಡಿಸಲು ಆಗುವುದೇ ಇಲ್ಲ.

ಇಂಥ ಒಗಟುಗಳಿಗೇ ಒಂದು ಒಲಿಂಪಿಯಾಡ್ ಇದೆ ಅಂತ ಬಹಳ ಪಾಲಕರಿಗೆ ಗೊತ್ತಿಲ್ಲ. ಅಂತರರಾಷ್ಟ್ರೀಯ ಭಾಷಾವಿಜ್ಞಾನ ಒಲಿಂಪಿಯಾಡ್ 2003ರಲ್ಲಿ ಬಲ್ಗೇರಿಯಾದಲ್ಲಿ ಶುರುವಾಯಿತು. 2016ರಲ್ಲಿ ಅದು ನಮ್ಮ ಮೈಸೂರಿನಲ್ಲೇ ನಡೆಯಿತು. ಗೊತ್ತಿಲ್ಲದ ಯಾವುದೋ ಭಾಷೆಯ ಹತ್ತು ವಾಕ್ಯ ಕೊಟ್ಟು ಅದರ ನಿಯಮ ಹುಡುಕಿಸುತ್ತಾರೆ. ಭಾರತದ ತಂಡಕ್ಕೆ ಆರಿಸುವ ಸ್ಪರ್ಧೆಯ ಹೆಸರು ಪಾಣಿನಿ ಲಿಂಗ್ವಿಸ್ಟಿಕ್ಸ್ ಒಲಿಂಪಿಯಾಡ್. ಅದು ಹೈಸ್ಕೂಲಿನ ಮಕ್ಕಳಿಗೆ. ನಿಮ್ಮ ಮಗಳಿಗೆ ಇನ್ನೂ ಸಮಯವಿದೆ. ಆದರೆ ಲೆಕ್ಕದ ತಲೆ, ನಾಲ್ಕು ಭಾಷೆಯ ಕಿವಿ ಎರಡೂ ಇರುವ ಮಗುವಿಗೆ ಇಂಥದೊಂದು ಇದೆ ಅಂತ ಈಗಲೇ ಗೊತ್ತಿರಲಿ.

‘ಎ’, ‘ದ’ ವಿಷಯದಲ್ಲಿ ಮಾತ್ರ ತಾಳ್ಮೆ ಇರಲಿ. ಕನ್ನಡದಲ್ಲಿ ಅವು ಇಲ್ಲ. ಅವು ಸರಿಯಾಗಲು ವರ್ಷಗಳು ಬೇಕು. ಇಂಗ್ಲಿಷಿನಲ್ಲಿ ಪಾಠ ಮಾಡುವ ದೊಡ್ಡವರಿಗೂ ತಪ್ಪುತ್ತವೆ. ಅದಕ್ಕೆ ಕೆಂಪು ಇಂಕು ಖರ್ಚು ಮಾಡುವುದು ಬೇಡ.

ಓದಿಗೆ ಬರೋಣ. ಇಂಥ ಮಕ್ಕಳ ದೊಡ್ಡ ಕಷ್ಟ ಇದು: ಭಾಷೆಗೆ ಹೊಂದುವ ಪುಸ್ತಕ ತೀರಾ ಚಿಕ್ಕ ಮಕ್ಕಳದು, ಬುದ್ಧಿಗೆ ಹೊಂದುವ ಪುಸ್ತಕದ ಭಾಷೆ ಕಷ್ಟ. ಮೊದಲ ದಾರಿ ಬಾಲಭಾರತಿಯ ಪುಸ್ತಕಗಳು. ಮಹಾರಾಷ್ಟ್ರದ ಈ ಪಠ್ಯಪುಸ್ತಕ ಸಂಸ್ಥೆ 1967ರಿಂದ ಪುಣೆಯಲ್ಲಿದೆ. ಅದು ಸ್ಟೇಟ್ ಬೋರ್ಡಿನ ಪುಸ್ತಕಗಳನ್ನು ಕನ್ನಡ ಮಾಧ್ಯಮಕ್ಕೂ ಅಚ್ಚು ಹಾಕುತ್ತದೆ. ಅಂದರೆ ನಿಮ್ಮ ಮಗಳ ಗಣಿತದ ಪುಸ್ತಕವೇ ಕನ್ನಡದಲ್ಲೂ ಇದೆ. ಅದೇ ಪಾಠ, ಅದೇ ಚಿತ್ರ, ಅದೇ ಲೆಕ್ಕ. ಪಿಡಿಎಫ್ ಆಗಿ ಅವರ ವೆಬ್‌ಸೈಟಿನಲ್ಲಿ ಹಣ ಕೊಡದೆ ಇಳಿಸಿಕೊಳ್ಳಬಹುದು. ಹಿಂದಿನ ರಾತ್ರಿ ನಾಳೆಯ ಪಾಠವನ್ನು ಕನ್ನಡದಲ್ಲಿ ಓದಿ ಹೋಗಲಿ. ಕ್ಲಾಸಿನಲ್ಲಿ ಟೀಚರ್ ಹೇಳುವುದು ಗೊತ್ತಿರುವ ವಿಷಯವೇ ಆಗಿರುತ್ತದೆ. ಇಂಗ್ಲಿಷ್ ಮಾತ್ರ ಹೊಸದು. ಬೇರೇನೂ ಮಾಡಲು ಆಗದಿದ್ದರೂ ಇದೊಂದನ್ನು ಮಾಡಿ. ನಾನು ಹೇಳುವುದರಲ್ಲೆಲ್ಲ ಬೇಗ ಫಲ ಕೊಡುವುದು ಇದೇ.

ಎರಡನೆಯದು ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್. 2015ರಲ್ಲಿ ಶುರುವಾದ ಈ ತಾಣದಲ್ಲಿ ಒಂದೇ ಕಥೆ ಹಲವು ಭಾಷೆಗಳಲ್ಲಿ ಸಿಗುತ್ತದೆ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ. ನಾಲ್ಕು ಹಂತಗಳಿವೆ, ದುಡ್ಡು ಬೇಡ. ಅಲ್ಲಿ ಬೆಕ್ಕು ನಾಯಿಯ ಕಥೆ ಬಿಟ್ಟು ವಿಜ್ಞಾನ, ಗಣಿತದ ಪುಸ್ತಕ ಆರಿಸಿ. ಒಂದು ಪುಟದಲ್ಲಿ ಐದಕ್ಕಿಂತ ಜಾಸ್ತಿ ಗೊತ್ತಿಲ್ಲದ ಪದ ಬಂದರೆ ಪುಸ್ತಕ ಕಷ್ಟವಾಯಿತು ಅಂತ ಶಿಕ್ಷಕರು ಹೇಳುವುದುಂಟು. ಅವಳಿಗೆ ಹುಚ್ಚು ಹಿಡಿಸಿದ ವಿಷಯವಾದರೆ ಆ ನಿಯಮ ಮುರಿಯಲು ಬಿಡಿ. ರೈಲ್ವೆ ಸಿಗ್ನಲ್ ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿಯಲು ಮಗು ಇಪ್ಪತ್ತು ಹೊಸ ಪದವನ್ನಾದರೂ ದಾಟುತ್ತದೆ.

ಕ್ಲಾಸಿನಲ್ಲಿ ಮಾತಾಡುವುದಿಲ್ಲ ಅನ್ನುವ ದೂರು ನನ್ನನ್ನು ಅಷ್ಟು ಹೆದರಿಸುವುದಿಲ್ಲ. ಹೊಸ ಭಾಷೆಗೆ ಬಿದ್ದ ಮಕ್ಕಳು ಕೆಲವು ಕಾಲ ಬರೀ ಕೇಳುತ್ತಾರೆ. ಒಳಗೆ ಕೆಲಸ ನಡೆದಿರುತ್ತದೆ. ಆದರೆ ‘ನಾ ದಡ್ಡಿ ಆಗೀನಿ’ ಅನ್ನುವ ಮಾತು ನನ್ನನ್ನು ಹೆದರಿಸುತ್ತದೆ. ಊರಿನಲ್ಲಿ ಕೈ ಎತ್ತಿದರೆ ಉತ್ತರ ಸರಿಯೇ ಇರುತ್ತಿತ್ತು. ತಪ್ಪು ಹೇಳಿ ರೂಢಿಯೇ ಇಲ್ಲ. ಇಲ್ಲಿ ಬಾಯಿ ತೆರೆದರೆ ವಾಕ್ಯ ತಪ್ಪುತ್ತದೆ, ಯಾರೋ ನಗುತ್ತಾರೆ. ಆಗ ಜಾಣ ಮಗು ಬಾಯಿ ಮುಚ್ಚಿಕೊಳ್ಳುತ್ತದೆ. ಸಾಧಾರಣ ಮಗು ತಪ್ಪುತಪ್ಪಾಗಿಯಾದರೂ ಮಾತಾಡಿ ಮುಂದೆ ಹೋಗಿಬಿಡುತ್ತದೆ.

ಇದಕ್ಕೆ ಮನೆಯಲ್ಲಿ ತಪ್ಪು ಮಾಡಲು ಒಂದು ಜಾಗ ಬೇಕು. ದಿನಕ್ಕೆ ಐದು ನಿಮಿಷ, ಫೋನಿನಲ್ಲಿ ತನ್ನ ಧ್ವನಿ ರೆಕಾರ್ಡ್ ಮಾಡಿ, ಇಷ್ಟದ ವಿಷಯದ ಬಗ್ಗೆ ಇಂಗ್ಲಿಷಿನಲ್ಲಿ ಮಾತಾಡಲಿ. ಪದ ಸಿಗದಿದ್ದರೆ ಆ ಜಾಗದಲ್ಲಿ ಕನ್ನಡ ಪದ ಹಾಕಿ ಮುಂದೆ ಹೋಗಲಿ. ನಿಲ್ಲುವುದು ಬೇಡ. ಆಮೇಲೆ ತಾನೇ ಕೇಳಿ, ಕನ್ನಡ ಪದ ಎಲ್ಲೆಲ್ಲಿ ಬಂತೋ ಅದಕ್ಕೆ ಇಂಗ್ಲಿಷ್ ಹುಡುಕಲಿ. ಯಾರಿಗೂ ಕೇಳಿಸಬೇಕಾಗಿಲ್ಲ. ನೀವು ತಿದ್ದುವುದಾದರೆ ಒಂದು ವಾರಕ್ಕೆ ಒಂದೇ ಬಗೆಯ ತಪ್ಪು ತಿದ್ದಿ. ಈ ವಾರ ‘ವೆಂಟ್’, ‘ಕೇಮ್’ ಥರದವು ಮಾತ್ರ. ಉಳಿದದ್ದು ಕೇಳಿಸದ ಹಾಗೆ ಇರಿ. ಮತ್ತೆ, ದಯವಿಟ್ಟು ನೆಂಟರ ಮುಂದೆ ‘ಇಂಗ್ಲಿಷಿನಲ್ಲಿ ಏನಾದರೂ ಹೇಳು’ ಅನ್ನಬೇಡಿ.

ಶಾಲೆಯವರ ಜೊತೆ ಮಾತಾಡುವ ಬಗ್ಗೆ. ಜಗಳಕ್ಕೆ ಹೋಗಬೇಡಿ. ಒಂದು ತರಗತಿಯಲ್ಲಿ ಅಷ್ಟು ಮಕ್ಕಳನ್ನು ನೋಡುವ ಟೀಚರಿಗೆ ನಿಮ್ಮ ಮಗಳ ಕನ್ನಡ ಕೇಳಿಸುವುದೇ ಇಲ್ಲ. ಅವರಿಗೆ ಕಾಣುವುದು ಖಾಲಿ ಬಿಟ್ಟ ಸಾಲುಗಳು. ಕನ್ನಡದಲ್ಲಿ ಬಿಡಿಸಿದ ಲೆಕ್ಕದ ಹಾಳೆ, ಊರಿನ ಶಾಲೆಯ ಪ್ರಗತಿ ಪತ್ರ, ಟೈಮ್‌ಟೇಬಲ್ಲಿನ ಆಟ ಎಲ್ಲವನ್ನೂ ತೋರಿಸಿ. ಅಮೆರಿಕದ ಶಿಕ್ಷಣ ಮನಶ್ಶಾಸ್ತ್ರಜ್ಞ ಜೋಸೆಫ್ ರೆನ್ಜುಲಿ 1978ರಲ್ಲಿ ಪ್ರತಿಭೆಗೆ ಮೂರು ಗುರುತು ಹೇಳಿದರು: ಸಾಧಾರಣಕ್ಕಿಂತ ಹೆಚ್ಚಿನ ಸಾಮರ್ಥ್ಯ, ಹೊಸದಾಗಿ ಯೋಚಿಸುವ ಗುಣ, ಹಿಡಿದ ಕೆಲಸ ಬಿಡದ ಹಟ. ಇಂಗ್ಲಿಷ್ ಮಾರ್ಕ್ಸು ಅದರಲ್ಲಿ ಇಲ್ಲ. ಯಾರೂ ಹೇಳದೆ ಗಾಡಿಗಳ ಲೆಕ್ಕ ಹಾಕುತ್ತ ಕೂರುವವಳಲ್ಲಿ ಮೂರೂ ಕಾಣುತ್ತವೆ.

ಟೀಚರ ಕಣ್ಣಿಗೆ ಬೀಳದ ಮಕ್ಕಳು ಎಲ್ಲ ದೇಶದಲ್ಲೂ ಇದ್ದಾರೆ. ಅಮೆರಿಕದ ಫ್ಲಾರಿಡಾದ ಬ್ರೊವಾರ್ಡ್ ಕೌಂಟಿಯಲ್ಲಿ ಮೊದಲು ಟೀಚರ್ ಅಥವಾ ಪಾಲಕರು ಹೆಸರು ಹೇಳಿದ ಮಕ್ಕಳನ್ನು ಮಾತ್ರ ಪ್ರತಿಭಾವಂತರ ತರಗತಿಗೆ ಪರೀಕ್ಷಿಸುತ್ತಿದ್ದರು. 2005ರಲ್ಲಿ ಎರಡನೇ ತರಗತಿಯ ಎಲ್ಲ ಮಕ್ಕಳಿಗೂ ಮಾತು ಬೇಡದ, ಚಿತ್ರಗಳ ಪರೀಕ್ಷೆ ಕೊಟ್ಟರು. ಡೇವಿಡ್ ಕಾರ್ಡ್ ಮತ್ತು ಲಾರಾ ಜೂಲಿಯಾನೊ ಎಂಬ ಅರ್ಥಶಾಸ್ತ್ರಜ್ಞರು ಅದನ್ನು ಅಧ್ಯಯನ ಮಾಡಿದರು. ಹಿಸ್ಪ್ಯಾನಿಕ್ (ಸ್ಪ್ಯಾನಿಷ್ ಮಾತಾಡುವ ದೇಶಗಳ ಮೂಲದ) ಮಕ್ಕಳಲ್ಲಿ ಪ್ರತಿಭಾವಂತರೆಂದು ಗುರುತಾದವರ ಪ್ರಮಾಣ ಶೇ. 130ರಷ್ಟು ಏರಿತ್ತು. ಆ ಮಕ್ಕಳು ಮೊದಲೂ ಅಲ್ಲೇ ಕೂತಿದ್ದರು. ಯಾರೂ ಅವರನ್ನು ಆ ಕಣ್ಣಿಂದ ನೋಡಿರಲಿಲ್ಲ.

ಹಾಗಾಗಿ ಶಾಲೆಯಲ್ಲಿ ಕೌನ್ಸೆಲರ್ ಇದ್ದರೆ ರೇವನ್ಸ್ ಮ್ಯಾಟ್ರಿಸಸ್ ಥರದ ಪರೀಕ್ಷೆ ಮಾಡಿಸಬಹುದೇ ಅಂತ ಕೇಳಿ. 1938ರಿಂದ ಬಳಕೆಯಲ್ಲಿರುವ ಈ ಪರೀಕ್ಷೆಯಲ್ಲಿ ಬಿಟ್ಟುಹೋದ ಚಿತ್ರವನ್ನು ಹುಡುಕಬೇಕು, ಭಾಷೆ ಬೇಡ. ಒಂದೇ ಪರೀಕ್ಷೆಯಿಂದ ಮಗುವನ್ನು ಅಳೆಯುವುದು ನನಗೆ ಒಪ್ಪಿಗೆ ಇಲ್ಲ. ಅಂಕ ಚೆನ್ನಾಗಿ ಬಂದರೆ ಶಾಲೆಗೆ ತೋರಿಸಿ, ಬರದಿದ್ದರೆ ಪಕ್ಕಕ್ಕಿಡಿ. ಪರೀಕ್ಷೆಯಲ್ಲಿ ಪದಗಳ ಅರ್ಥ ಹೇಳಿಸಿಕೊಳ್ಳಲು ಅವಕಾಶ ಕೇಳಿ. ಕ್ಲಾಸಿನಲ್ಲಿ ಲೆಕ್ಕ ಬೇಗ ಮುಗಿಸಿದರೆ ಮೇಲಿನ ತರಗತಿಯ ಲೆಕ್ಕ ಕೊಡಲು ಹೇಳಿ. ವಯಸ್ಸಿಗೆ ತಕ್ಕ ತರಗತಿ ಅನ್ನುವುದು 2009ರ ಶಿಕ್ಷಣ ಹಕ್ಕು ಕಾನೂನಿನ ಆಶಯ. ಪ್ರತಿಭಾವಂತ ಮಕ್ಕಳಿಗೆ ನೆರವು ಬೇಕು ಅಂತ 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳುತ್ತದೆ. ಇವೆರಡನ್ನೂ ಮೆತ್ತಗೆ ನೆನಪಿಸಬಹುದು.

ಒಂದು ಎಚ್ಚರಿಕೆ. ಅವಳು ಕನ್ನಡವನ್ನು ಸರಾಗವಾಗಿ ಓದುತ್ತಾಳೆ, ಬರೆಯುತ್ತಾಳೆ ಅಂದರೆ ಚಿಂತೆ ಬೇಡ. ಕನ್ನಡ ಓದುವಾಗಲೂ ಅಕ್ಷರ ಹಿಂದೆಮುಂದೆ ಆಗುತ್ತಿದ್ದರೆ, ಸಾಲು ತಪ್ಪುತ್ತಿದ್ದರೆ ಮಾತ್ರ ಕಣ್ಣು, ಕಿವಿ ಮೊದಲು ತೋರಿಸಿ. ಆಮೇಲೆ ಕಲಿಕೆಯ ತೊಂದರೆ ಇದೆಯೇ ಅಂತ ಪರೀಕ್ಷಿಸಿ. ಮುಂಬೈನಲ್ಲಿ ಸಾಯನ್ ಆಸ್ಪತ್ರೆಯಲ್ಲಿ ಅದಕ್ಕೆಂದೇ ಕ್ಲಿನಿಕ್ ಇದೆ. ಜಾಣ ಮಗುವಿಗೂ ಡಿಸ್‌ಲೆಕ್ಸಿಯಾ ಎಂಬ ಓದಿನ ತೊಂದರೆ ಇರಬಹುದು, ಎರಡೂ ಒಟ್ಟಿಗೆ ಇರುವುದುಂಟು.

ಕನ್ನಡ ಮಾಧ್ಯಮಕ್ಕೆ ಬದಲಿಸಬೇಕೇ ಅಂತ ನೀವು ಕೇಳಿಲ್ಲ, ಆದರೆ ಮನಸ್ಸಿನಲ್ಲಿ ಇರಬಹುದು. ಮುಂಬೈ ಮಹಾನಗರಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ, ಕನ್ನಡವೂ ಅದರಲ್ಲಿ ಒಂದು. ವಡಾಲದಲ್ಲಿ ಎನ್‌ಕೆಇಎಸ್ (ನ್ಯಾಷನಲ್ ಕನ್ನಡ ಎಜುಕೇಶನ್ ಸೊಸೈಟಿ) ಎಂಬ ಹಳೆಯ ಕನ್ನಡ ಸಂಸ್ಥೆ ಇದೆ. ಆದರೆ ಡೊಂಬಿವಲಿ ಆ ಪಾಲಿಕೆಗೆ ಸೇರಿದ್ದಲ್ಲ. 10 ವರ್ಷದ ಮಗು ದಿನಾ ಆ ಗರ್ದಿಯಲ್ಲಿ ದಾದರ್ ಕಡೆ ಹೋಗಿಬರುವುದು ನನಗೆ ಸರಿ ಕಾಣುವುದಿಲ್ಲ. ಒಂದೇ ವರ್ಷದಲ್ಲಿ ಎರಡು ಸಲ ಶಾಲೆ ಬದಲಿಸುವುದೂ ಒಳ್ಳೆಯದಲ್ಲ. ಇದ್ದಲ್ಲೇ ನಿಲ್ಲಿಸಿ, ಬೆಂಬಲ ಕೊಡಿ.

ಅದರ ಬದಲು ರಜೆಯ ದಿನ ಅವಳನ್ನು ವರ್ಲಿಯ ನೆಹರೂ ಸೈನ್ಸ್ ಸೆಂಟರಿಗೆ ಕರೆದುಕೊಂಡು ಹೋಗಿ. ಅಲ್ಲಿ ಕೈಯಿಂದ ಮುಟ್ಟಿ, ತಿರುಗಿಸಿ ನೋಡುವ ವಸ್ತುಗಳಿವೆ. ಪಕ್ಕದಲ್ಲಿ ಮೂರು ಭಾಷೆಯ ಫಲಕಗಳು ಕಂಡರೆ ಒಂದನ್ನು ಇನ್ನೊಂದರ ಜೊತೆ ಹೋಲಿಸಿ ಓದಲಿ. ಕೊಲಾಬಾದ ಟಾಟಾ ಸಂಶೋಧನಾ ಸಂಸ್ಥೆಯವರು ‘ಚಾಯ್ ಆ್ಯಂಡ್ ವೈ’ ಅಂತ ಜನರಿಗಾಗಿ ವಿಜ್ಞಾನದ ಮಾತುಕತೆ ನಡೆಸುತ್ತಾರೆ, ಮಾಟುಂಗಾದ ರೂಪಾರೇಲ್ ಕಾಲೇಜಿನಲ್ಲಿ ಮತ್ತು ಜುಹೂವಿನ ಪೃಥ್ವಿ ಥಿಯೇಟರಿನಲ್ಲಿ. ಮಕ್ಕಳೂ ಪ್ರಶ್ನೆ ಕೇಳುತ್ತಾರೆ. ಮುಂದಿನ ವರ್ಷ ಆರನೇ ತರಗತಿಗೆ ಬಂದಾಗ ಹೋಮಿ ಭಾಭಾ ಬಾಲ ವೈಜ್ಞಾನಿಕ ಸ್ಪರ್ಧೆ ಇದೆ. ಅದು ಆರು ಮತ್ತು ಒಂಬತ್ತನೇ ತರಗತಿಯವರಿಗೆ. ಇಂಗ್ಲಿಷ್, ಮರಾಠಿ ಎರಡರಲ್ಲೂ ಬರೆಯಬಹುದು. ಗೆಲ್ಲಲಿ ಅಂತ ಅಲ್ಲ, ತನ್ನಂಥ ಮಕ್ಕಳು ಇದ್ದಾರೆ ಅಂತ ಕಾಣಲಿ ಅಂತ.

ಇನ್ನು ಟ್ಯೂಷನ್. ಪಾಠವನ್ನೇ ಮತ್ತೆ ಉರು ಹೊಡೆಸುವ, ಇಪ್ಪತ್ತು ಮಕ್ಕಳ ಕ್ಲಾಸಾದರೆ ಬೇಡ. ಆ ಸಂಜೆ ಅವಳು ಮರಾಠಿ ಗೆಳತಿಯರ ಜೊತೆ ಆಡುವುದೇ ಮೇಲು. ಅದರ ಬದಲು ನಿಮ್ಮ ಬಿಲ್ಡಿಂಗಿನಲ್ಲಿ ಅಥವಾ ಅಲ್ಲಿನ ಕರ್ನಾಟಕ ಸಂಘದಲ್ಲಿ ಕನ್ನಡವೂ ಇಂಗ್ಲಿಷೂ ಬರುವ ಒಬ್ಬ ಕಾಲೇಜು ಹುಡುಗಿಯನ್ನು ಹುಡುಕಿ. ವಾರಕ್ಕೆ ಎರಡು ಸಂಜೆ ಸಾಕು. ಅವಳಿಗೆ ಹೀಗೆ ಹೇಳಿ: ಲೆಕ್ಕ ಕಲಿಸಬೇಡ, ನನ್ನ ಮಗಳು ನಿನಗೆ ಲೆಕ್ಕ ವಿವರಿಸುತ್ತಾಳೆ, ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ, ಪದ ಸಿಗದ ಕಡೆ ಪದ ಕೊಡು. ಎರಡನೇ ಟರ್ಮಿನ ಪರೀಕ್ಷೆ ಆದಮೇಲೆ ಮತ್ತೆ ಆ ಎರಡು ಬಗೆಯ ಲೆಕ್ಕಗಳನ್ನು ಬೇರೆ ಮಾಡಿ ನೋಡಿ. ವಾಕ್ಯದ ಲೆಕ್ಕ ಸ್ವಲ್ಪವಾದರೂ ಏರಿದ್ದರೆ ದಾರಿ ಸರಿ ಇದೆ, ಹೀಗೇ ಮುಂದುವರಿಸಿ. ಏರದಿದ್ದರೆ ಎರಡೂ ಪತ್ರಿಕೆಗಳ ಪ್ರತಿ ಇಟ್ಟು ನನಗೆ ಮತ್ತೆ ಬರೆಯಿರಿ, ಯಾವ ಪದಗಳಲ್ಲಿ ಎಡವುತ್ತಿದ್ದಾಳೆ ಅಂತ ಒಟ್ಟಿಗೆ ಕೂತು ನೋಡೋಣ.